ದೃಷ್ಟಿ ತೆಗೆದ ಹಣ್ಣಿನ ಬೀಜ

ನನ್ನ ಮೊಮ್ಮಗಳ ನಿಂಬೆ ಸಸಿಗಳು ನಿನ್ನೆ ಗಾಡಿ ಹತ್ತಿದವು! ಒಂದಲ್ಲ ಎರಡಲ್ಲ, ಎಂಟುನೂರರಲ್ಲಿ ಇಪ್ಪತ್ತು ಬಿಟ್ಟು ಮಿಕ್ಕಿದ್ದೆಲ್ಲ ಹೋದವು. ಕಾಮಸಮುದ್ರದ ಕಡೆಯ ರೈತರೊಬ್ಬರು ಹೊಸ ತೋಟಕ್ಕೆಂದು ಬಂದು, ಒಂದೊಂದನ್ನೂ ಕೂಸು ಎತ್ತಿದ ಹಾಗೆ ಎತ್ತಿ ಇಟ್ಟುಕೊಂಡು ಹೋದರು. ಗಾಡಿ ತಿರುವು ದಾಟುವವರೆಗೂ ನಾನು ಗೇಟಿನಲ್ಲಿ ನಿಂತಿದ್ದೆ. ಆಮೇಲೆ ಎಪ್ಪತ್ತು ದಾಟಿದ ಈ ಮುದುಕಿ ಬೀದಿಯಲ್ಲಿ ಎರಡು ಹೆಜ್ಜೆ ಕುಣಿದಳು ಅಂತ ಎದುರು ಮನೆಯವರು ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ. ಕುಣಿದದ್ದು ನಿಜ.

ನಾನು ಓದಿದ್ದು ಮೂರನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಬರೆಯಲು ಕೂತರೆ ಬೆರಳು ನೋಯುತ್ತದೆ. ಆದರೂ ಇದನ್ನು ನಾನೇ ಬರೆಯಬೇಕೆಂದು ಹಟ ಹಿಡಿದು ಕೂತಿದ್ದೇನೆ, ಕಾಗುಣಿತ ಮಾತ್ರ ಮೊಮ್ಮಗಳು ತಿದ್ದುತ್ತಾಳೆ. ಇಷ್ಟು ಸಂತೋಷವನ್ನು ಒಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅರಗುವುದಿಲ್ಲ. ಆದರೆ ಈ ಸಸಿಗಳು ಬೆಳೆದ ಒಂದು ವರ್ಷ ನಾನು ಹೆದರಿಕೊಂಡೇ ಇದ್ದೆ. ಈಗಲೂ ಬರೆಯುವಾಗ ತೋಳಿನ ಕೂದಲು ನೆಟ್ಟಗಾಗುತ್ತಿದೆ. ಅದನ್ನೂ ಸೇರಿಸಿಯೇ ಬರೆಯುತ್ತೇನೆ.

ನಮ್ಮ ಮನೆ ಚಾಂಪಿಯನ್ ರೀಫ್ಸ್‌ನಿಂದ ಸ್ವಲ್ಪ ಆಚೆ. ಹಿತ್ತಲಲ್ಲಿ ಒಂದು ಚಿಕ್ಕ ಜಾಗ, ಅದರ ಕೊನೆಗೆ ಮೋಟು ಗೋಡೆ, ಗೋಡೆಯಾಚೆ ಚಿನ್ನದ ಗಣಿಯ ಹಳೆಯ ಬಾಯಿ. ಕಬ್ಬಿಣದ ಸರಳು ಹಾಕಿ ಮುಚ್ಚಿದ್ದಾರೆ. ನನ್ನ ಯಜಮಾನರು ಎಷ್ಟೋ ವರ್ಷ ಅದರೊಳಗೆ ಇಳಿದು ಹತ್ತಿದವರು. ಅವರು ಹೋಗಿ ಬಹಳ ಕಾಲವಾಯಿತು, ಬಾಯಿ ಮಾತ್ರ ಅಲ್ಲೇ ಇದೆ. ಚಳಿಗಾಲದ ಬೆಳಿಗ್ಗೆ ಅದರಿಂದ ಬೆಚ್ಚನೆಯ ಉಸಿರು ಮೇಲೆ ಬರುತ್ತದೆ, ಗೋಡೆಯ ಹತ್ತಿರ ನಿಂತರೆ ಕೆನ್ನೆಗೆ ತಾಗುತ್ತದೆ. ಗಣಿ ನಿಂತ ಮೇಲೂ ನೆಲದೊಳಗೆ ಆಗಾಗ ಕಲ್ಲು ಸಿಡಿದು ಗುಡ್ ಎನ್ನುತ್ತದೆ, ಅಟ್ಟದ ಮೇಲಿನ ಪಾತ್ರೆ ಒಂದಕ್ಕೊಂದು ತಾಗುತ್ತವೆ. ನಾವು ಮಾತು ನಿಲ್ಲಿಸುವುದಿಲ್ಲ. ಹೊಸಬರು ಬಂದಾಗ ಮಾತ್ರ ಅವರ ಮುಖ ನೋಡಿ ನಮಗೆ ನೆನಪಾಗುತ್ತದೆ.

ಮೊಮ್ಮಗಳು ಕೃಷಿ ಡಿಪ್ಲೊಮಾ ಓದಿ ಬಂದು ರಾಬರ್ಟ್‌ಸನ್‌ಪೇಟೆಯ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಹೋದರೆ ಸಂಜೆಯ ಬಸ್ಸಿಗೆ ಬರುವುದು. ಹೋದ ಬೇಸಿಗೆಯಲ್ಲಿ ಅಪ್ಪನ ಮುಂದೆ ನಿಂತು, ಹಿತ್ತಲಲ್ಲಿ ನಿಂಬೆ ನರ್ಸರಿ ಮಾಡುತ್ತೇನೆ ಅಂದಳು. ನನ್ನ ಮಗನಿಗೆ ಆರು ಹಸು. ಅದೇ ಜಾಗದಲ್ಲಿ ಕೊಟ್ಟಿಗೆ ಕಟ್ಟಬೇಕೆಂದು ಕಲ್ಲಿನ ಕಂಬಗಳನ್ನೂ ತಂದು ಗೋಡೆಗೆ ಒರಗಿಸಿದ್ದ.

"ಒಂದ್ ವರ್ಷ ಬಿಡ್ತೀನಿ ಕಣಮ್ಮಿ," ಅಂದ ಅವನು. "ಬರೋ ವರ್ಷ ಮುಂಗಾರಿಗೆ ಯಾರಾದ್ರೂ ಬಂದು ನಿನ್ ಗಿಡ ಎತ್ಕೊಂಡೋದ್ರೆ ಜಾಗ ನಿಂದು. ಇಲ್ಲಾಂದ್ರೆ ಕಂಬ ನೆಡ್ತೀನಿ. ಆಮ್ಯಾಕೆ ಅಳಂಗಿಲ್ಲ."

"ನಾನ್ಯಾಕೆ ಅಳ್ಲಿ? ಜಾಗ ಇಲ್ದೆ ನಿನ್ ಹಸುಗಳೇ ಅಳ್ತವೆ," ಅಂದಳು ಅವಳು. ಬಾಯಲ್ಲಿ ಹಾಗಂದರೂ ಆ ದಿನ ಅವಳು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದಳು. ಹುಟ್ಟಿದಾಗಿನಿಂದ ಈ ಹುಡುಗಿ ತನಗೇ ಅಂತ ಏನನ್ನೂ ಕೇಳಿದವಳಲ್ಲ.

ಅವಳು ನನ್ನನ್ನು ಕೇಳಿದ್ದು ಒಂದೇ. "ಅಜ್ಜಿ, ಚೆನ್ನಾಗಿ ಕಾಯೋ ಹಳೇ ನಾಟಿ ಗಿಡದ ಹಣ್ಣು ಬೇಕು. ತಾಯಿ ಗಿಡ ಯಾವುದು ಅನ್ನೋದೇ ಮುಖ್ಯ."

"ನನ್ ತವರಲ್ಲಿ ಐತಲ್ಲ! ಊರಿಗೆಲ್ಲಾ ಉಪ್ಪಿನಕಾಯಿ ಆಗ್ತಿತ್ತು ಒಂದ್ ಗಿಡದಲ್ಲಿ," ಅಂತ ನಾನು ಜಂಬ ಕೊಚ್ಚಿದೆ. ಮಾರನೆಯ ದಿನವೇ ಕಾಮಸಮುದ್ರದ ಬಸ್ಸು ಹತ್ತಿದೆ. ತವರೂರು ಅಲ್ಲೇ ಪಕ್ಕ. ಹೋಗಿ ನೋಡಿದರೆ ಗಿಡವಿದ್ದ ಕಡೆ ಮೊಣಕಾಲೆತ್ತರದ ಒಣ ಬುಡ. ಗಾಳಿಗೆ ಬಿದ್ದು ವರ್ಷಗಳೇ ಆದವಂತೆ, ಯಾರೂ ನನಗೆ ಹೇಳಿರಲಿಲ್ಲ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬಂದೆ. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಲಿ ಅನ್ನುವುದೇ ಯೋಚನೆ.

ಮನೆಯ ಜಗುಲಿಯ ಮೇಲೆ ಒಬ್ಬ ಹೆಂಗಸು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕಾಯುತ್ತಿದ್ದಳು. ನಾನು ದೃಷ್ಟಿ ತೆಗೆಯುತ್ತೇನೆ, ನನ್ನ ಅತ್ತೆ ಕಲಿಸಿದ್ದು. ಬೆಚ್ಚಿ ಬೀಳುವ ಮಕ್ಕಳು, ಹಾಲು ಬಿಟ್ಟ ಮಕ್ಕಳು, ಒಂದೇ ಕಡೆ ನೋಡುತ್ತ ಅಳುವ ಮಕ್ಕಳು, ಸುತ್ತಲಿನ ಹಳ್ಳಿಗಳಿಂದ ಎತ್ತಿಕೊಂಡು ಬರುತ್ತಾರೆ. ನಿಂಬೆಹಣ್ಣನ್ನು ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿ, ಮಗುವಿನಿಂದ ಅದರ ಮೇಲೆ ಉಗುಳಿಸಿ, ಮೂರು ದಾರಿ ಕೂಡುವ ಕಡೆ ಹೋಗಿ ಎರಡು ಹೋಳು ಮಾಡಿ, ಕುಂಕುಮ ಒತ್ತಿ, ಒಂದನ್ನು ಆ ಕಡೆ, ಒಂದನ್ನು ಈ ಕಡೆ ಎಸೆದು ಬಂದುಬಿಡಬೇಕು. ತಿರುಗಿ ನೋಡಬಾರದು. ಆ ಹೋಳನ್ನು ಯಾರೂ ಮುಟ್ಟುವುದಿಲ್ಲ, ತುಳಿಯುವುದೂ ಇಲ್ಲ. ಮಗುವಿನೊಳಗೆ ಹೊಕ್ಕಿದ್ದ ಹೆದರಿಕೆ ಅದರಲ್ಲಿ ಇಳಿದಿರುತ್ತದೆ.

ಆ ದಿನ ಮೂರು ದಾರಿಯಲ್ಲಿ ನಿಂತು ಹಣ್ಣು ಕೊಯ್ದೆ. ಒಳಗೆ ಬೀಜಗಳು ಬೆಳ್ಳಗೆ, ದಪ್ಪಗೆ, ಹಲ್ಲಿನಂತೆ ಕೂತಿದ್ದವು. ನನ್ನ ಹೆಬ್ಬೆರಳು ತಾನಾಗಿಯೇ ಒತ್ತಿತು. ಒಂಬತ್ತು ಬೀಜ. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮನೆಗೆ ಬಂದು ಬೂದಿ ಹಾಕಿ ಉಜ್ಜಿ ತೊಳೆದು, ಸಂಜೆ ಅವಳ ಕೈಗಿಟ್ಟೆ. "ತವರಿನ ಗಿಡದ್ದು. ವಾರವಾರ ಕಳಿಸ್ತೀವಿ ಅಂದವ್ರೆ," ಅಂದೆ. ಅವಳು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಅಲ್ಲಿಂದ ಬೇಸಿಗೆಯೆಲ್ಲ ಹಾಗೇ ನಡೆಯಿತು. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಎಷ್ಟು ಮಕ್ಕಳು ಬಂದರೋ ಅಷ್ಟು ಹಣ್ಣು. ಹೋಳುಗಳನ್ನು ಎಸೆದೆ, ಬೀಜಗಳನ್ನು ಉಳಿಸಿಕೊಂಡೆ. ನಿಂಬೆ ಬೀಜ ಒಣಗಿದರೆ ಮೊಳೆಯುವುದಿಲ್ಲ, ಹಸಿಯಿದ್ದಾಗಲೇ ಹಾಕಬೇಕು ಅಂತ ಅವಳು ಹೇಳಿದ್ದಳು. ಅದಕ್ಕೇ ಒಂದೊಂದು ದಿನ ಮೂರು ದಾರಿಯಿಂದ ನೇರ ಹಿತ್ತಲಿಗೇ ಬರುತ್ತಿದ್ದೆ.

ಮಳೆ ಶುರುವಾದಾಗ ಮೊಳಕೆ ಬಂದವು. ನೋಡಲು ಹೋದವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಒಂದು ಬೀಜ ಹಾಕಿದ್ದ ಕಡೆ ಎರಡು ಮೊಳಕೆ ಇದ್ದವು. ಪಕ್ಕದಲ್ಲಿ ನೋಡಿದರೆ ಅಲ್ಲಿಯೂ ಎರಡು. ಒಂದು ಕಡೆಯಂತೂ ಮೂರು, ಒಂದಕ್ಕೊಂದು ಕತ್ತು ಆನಿಸಿಕೊಂಡು ನಿಂತಿದ್ದವು.

"ಇದೇನೇ ಇದು? ನಾನ್ ಒಂದೊಂದೇ ಎಣಿಸಿ ಕೊಟ್ಟಿದ್ದಲ್ವಾ?"

"ನಿಂಬೆ ಬೀಜ ಹಂಗೇ ಅಜ್ಜಿ," ಅಂದಳು ಮೊಮ್ಮಗಳು. "ಒಂದರೊಳಗೆ ಎರಡು ಮೂರು ಇರ್ತವೆ. ಗಟ್ಟಿಯಾಗಿರೋದು ತಾಯಿ ಥರಾನೇ ಬರುತ್ತೆ. ಬಡಕಲು ಕಿತ್ತಾಕು."

ನಾನು ಕೀಳಲು ಕೂತೆ. ಬೆರಳ ತುದಿಯಲ್ಲಿ ಹಿಡಿದಾಗ ಬಂದ ಯೋಚನೆಯನ್ನು ಯಾರಿಗೂ ಹೇಳಲಿಲ್ಲ. ಒಂದು ಹಣ್ಣಿನೊಳಗೆ ಹೋದದ್ದು ಇಬ್ಬರಿಗೆ ಸೇರಿದ್ದು. ಮಗುವಿನ ಎಂಜಲೂ ಅದರಲ್ಲಿತ್ತು, ಮಗುವನ್ನು ಹಿಡಿದದ್ದೂ ಅದರಲ್ಲಿತ್ತು. ಈಗ ಇಬ್ಬರೂ ಎದ್ದು ನಿಂತಿದ್ದಾರೆ. ಗಟ್ಟಿಯಾಗಿರುವುದು ಯಾರು? ನಾನು ಕೀಳುತ್ತಿರುವುದು ಯಾರನ್ನು? ಎಳೆಯದನ್ನು ಎಳೆದಾಗ ಬೇರು ಮಣ್ಣು ಬಿಡುವ ಸಣ್ಣ ಸದ್ದು ಕೇಳುತ್ತದೆ. ಆ ಸದ್ದನ್ನು ನೂರಾರು ಸಲ ಕೇಳಿದೆ.

ಎಂಟುನೂರು ಸಸಿಗಳನ್ನು ಕಪ್ಪು ಚೀಲಕ್ಕೆ ಬದಲಿಸಿ, ಎಂಟು ಸಾಲಾಗಿ ಹಸಿರು ಬಲೆಯ ನೆರಳಲ್ಲಿ ಜೋಡಿಸಿದೆವು. ಕೊನೆಯ ಎರಡು ಸಾಲು ಮೋಟು ಗೋಡೆಗೆ ಅಂಟಿಕೊಂಡಿದ್ದವು. ದೀಪಾವಳಿಯವರೆಗೆ ಚೆನ್ನಾಗಿಯೇ ಇದ್ದವು. ಆಮೇಲೆ ನಿಂತುಬಿಟ್ಟವು. ಒಂದು ಒಳ್ಳೆಯ ಎಲೆ ಕೂಡ ಮೇಲೆ ಬರಲಿಲ್ಲ. ಬಂದದ್ದು ಸಣ್ಣಗೆ, ಚೂಪಗೆ, ನರ ಮಾತ್ರ ಹಸಿರು, ಮಿಕ್ಕಿದ್ದೆಲ್ಲ ಹಳದಿ. ಎಲೆಗಳು ಹರಡದೆ ನೆಟ್ಟಗೆ ನಿಂತವು, ಏನನ್ನೋ ಕೇಳಿಸಿಕೊಳ್ಳುವ ಕಿವಿಗಳಂತೆ. ಒಂದು ದಿನ ನೆಲದೊಳಗೆ ಗುಡ್ ಅಂದಾಗ ನಾನು ಸಾಲಿನ ಮಧ್ಯೆ ಇದ್ದೆ. ಎಂಟುನೂರು ಚೀಲ ಒಟ್ಟಿಗೆ ನಡುಗಿ, ಒಟ್ಟಿಗೆ ನಿಂತವು.

ಅದಕ್ಕೆ ಸರಿಯಾಗಿ ಇನ್ನೊಂದು ವಿಷಯ. ಆ ಚಳಿಗಾಲ ನನ್ನ ಜಗುಲಿಗೆ ಒಂದು ಮಗುವೂ ಬರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಮಕ್ಕಳೆಲ್ಲ ಗುಂಡುಕಲ್ಲಿನಂತೆ ಇದ್ದವಂತೆ. ಹೆದರಿಕೆಗಳಿಗೆ ಬೇರೆ ಮನೆ ಸಿಕ್ಕಿತೇ ಅಂತ ನಾನು ಹಿತ್ತಲ ಕಡೆ ನೋಡಿದೆ.

ಆಮೇಲೆ ಎಲೆಗಳ ಮೇಲೆ ಬರಹ ಕಾಣಿಸಿತು. ಬೆಳ್ಳಿಯ ಗೆರೆ, ಎಲೆಯ ಈ ಅಂಚಿನಿಂದ ಆ ಅಂಚಿಗೆ, ಸುತ್ತಿ ಬಳಸಿ, ಎಲ್ಲೂ ಕೈ ಎತ್ತದೆ ಬರೆದ ಹಾಗೆ. ಮೂರನೇ ಕ್ಲಾಸಿನವಳಿಗೆ ಕೂಡಿಸಿ ಬರೆದದ್ದೆಲ್ಲ ಓದಲು ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿದೆ, ನೋಡಿ ಕೈ ತೊಳೆದುಕೊಂಡೆ.

ಮೊಮ್ಮಗಳು ನಕ್ಕಳು. "ಎಲೆಯೊಳಗೆ ಸುರಂಗ ತೋಡೋ ಹುಳ ಅಜ್ಜಿ. ಎಲೆ ಸಿಪ್ಪೆ ಕೆಳಗೇ ತಿಂದ್ಕೊಂಡು ಹೋಗುತ್ತೆ, ಹೊರಗೆ ಬರೋದೇ ಇಲ್ಲ." ನನಗೆ ಗಣಿಯ ಸುರಂಗದಲ್ಲಿ ಹಿಡಿದಿದ್ದ ಯಜಮಾನರ ಕೆಮ್ಮು ನೆನಪಾಯಿತು. ಅವಳು ಬೇವಿನ ಬೀಜ ಕುಟ್ಟಿಸಿ ನೆನೆಹಾಕಿಸಿ ಕಷಾಯ ಮಾಡಿ ಹೊಡೆದಳು. ಹೊಸ ಗೆರೆ ಬರುವುದು ನಿಂತಿತು. ಹಳದಿ ನಿಲ್ಲಲಿಲ್ಲ.

"ನಮ್ಮ ಬೋರ್ ನೀರಲ್ಲಿ ಸುಣ್ಣ ಜಾಸ್ತಿ," ಅಂತ ಅವಳೇ ಕಂಡುಹಿಡಿದಳು. "ಮಣ್ಣಲ್ಲಿ ಸತು ಇದ್ರೂ ಬೇರು ಎಳ್ಕೊಳ್ಳೋಕೆ ಆಗ್ತಿಲ್ಲ. ಬೇರಿನ ಬಾಯಿ ಕಟ್ಟಿದೆ. ಎಲೆ ಬಾಯಿಗೇ ಉಣಿಸ್ಬೇಕು."

"ಎಲೆಗೆಲ್ಲಿ ಬಾಯಿ?"

ಒಂದು ಎಲೆಯನ್ನು ತಿರುಗಿಸಿ ಹಿಡಿದಳು. "ಇಲ್ಲಿ, ಅಡಿಗೆ. ಕಣ್ಣಿಗೆ ಕಾಣಲ್ಲ. ಸಾವಿರಾರು ಇರ್ತವೆ. ಬೆಳಗ್ಗೆ ತಂಪಲ್ಲಿ ತೆರ್ಕೊಂಡಿರ್ತವೆ."

ಸಂಕ್ರಾಂತಿಯಿಂದ ಶುರು ಮಾಡಿದೆವು. ಎಳೆ ನುಗ್ಗೆ ಸೊಪ್ಪನ್ನು ಒರಳಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಒಂದು ಲೋಟ ರಸಕ್ಕೆ ಮೂವತ್ತು ಲೋಟ ನೀರು ಬೆರೆಸುವುದು, ಅಂದಿನದನ್ನು ಅಂದೇ ಮುಗಿಸುವುದು. ಎಲೆಗೆ ಅಂಟಲೆಂದು ಚೂರು ಅಂಟುವಾಳದ ನೊರೆ. ಇನ್ನೊಂದು ಡಬ್ಬದಲ್ಲಿ ಅಂಗಡಿಯಿಂದ ತಂದ ನೀರಲ್ಲಿ ಕರಗುವ ಗೊಬ್ಬರ, ಅದಕ್ಕೆ ಚಿಟಿಕೆ ಸತು. ಎರಡು ಸಾಲಿಗೆ ನುಗ್ಗೆ ರಸ, ಎರಡಕ್ಕೆ ಗೊಬ್ಬರದ ನೀರು, ಎರಡಕ್ಕೆ ಎರಡೂ ಸೇರಿಸಿ. ಗೋಡೆಯ ಪಕ್ಕದ ಎರಡು ಸಾಲಿಗೆ ಬರೀ ನೀರು.

"ಅವೇನು ಪಾಪ ಮಾಡಿದ್ವು?" ಅಂತ ಕೇಳಿದೆ.

"ಹೋಲಿಸಿ ನೋಡೋಕೆ ಅಜ್ಜಿ. ಕೊಟ್ಟಿದ್ದಕ್ಕೆ ಬೆಳೆದ್ವೋ ತಾವೇ ಬೆಳೆದ್ವೋ ಗೊತ್ತಾಗ್ಬೇಕಲ್ಲ. ಆ ಸಾಲಿಗೆ ಒಂದು ಹನೀನೂ ಕೊಡ್ಬಾರ್ದು. ಆಣೆ ಮಾಡು."

ಆಣೆ ಮಾಡಿದೆ. ಅವಳು ಮೊದಲ ಬಸ್ಸಿಗೆ ಹೋಗುತ್ತಾಳೆ, ಹೊಡೆಯುವ ಕೆಲಸ ನನ್ನದು. ಇಬ್ಬನಿ ಇನ್ನೂ ಇರುವಾಗ ಹೋಗಿ, ಬಗ್ಗಿ, ಪ್ರತಿ ಎಲೆಯ ಅಡಿಗೆ ಪಿಚಕಾರಿಯ ಮೂತಿ ಇಟ್ಟು ಒತ್ತಬೇಕು. ಹಸಿರು ಬಲೆಯೊಳಗೆ ಬೆಳಕು ನೀರಿನ ತಳದಲ್ಲಿದ್ದ ಹಾಗಿರುತ್ತದೆ. ಪಿಚಕಾರಿ ಸುಸ್ ಎನ್ನುತ್ತದೆ, ಹನಿಗಳು ಎಲೆಗೆ ತಾಗಿ ಚಪ್ ಚಪ್ ಎನ್ನುತ್ತವೆ, ಹಸಿದ ಮಕ್ಕಳು ಮೊಲೆ ಚೀಪುವಾಗಿನ ಸದ್ದೇ ಅದು. ಹೀಗೆ ಆರು ಸಾಲು ಮುಗಿಸಿ ಏಳನೆಯದಕ್ಕೆ ಬಂದಾಗ ಗೋಡೆಯಾಚೆಯಿಂದ ಆ ಬೆಚ್ಚನೆಯ ಉಸಿರು ಬಂತು. ಏಳನೆಯ ಸಾಲು, ಎಂಟನೆಯ ಸಾಲು, ಅವುಗಳ ಕಿವಿಗಳೆಲ್ಲ ಅಲುಗಿ ನನ್ನ ಕಡೆ ಬಾಗಿದವು. ಬೇರೆ ಸಾಲಿನ ಒಂದು ಎಲೆಯೂ ಅಲುಗಲಿಲ್ಲ.

ನಾನು ಕೈಯಲ್ಲಿದ್ದದ್ದನ್ನು ಕೊಟ್ಟುಬಿಟ್ಟೆ. ನುಗ್ಗೆ ರಸವನ್ನೂ ಗೊಬ್ಬರದ ನೀರನ್ನೂ, ಎರಡನ್ನೂ. ಊಟಕ್ಕೆ ಕೂರಿಸಿ ಆರು ಸಾಲಿಗೆ ಬಡಿಸಿ, ಎರಡು ಸಾಲಿನ ಮುಂದೆ ಖಾಲಿ ಎಲೆ ಹಾಸಿಟ್ಟರೆ ಮನುಷ್ಯರೇ ಸುಮ್ಮನಿರುವುದಿಲ್ಲ. ಇವು ಏನೆಂದು ನನಗೊಬ್ಬಳಿಗೇ ಗೊತ್ತಿತ್ತು. ಅವಳು ಹೇಳಿದ್ದು ವಾರಕ್ಕೊಂದು ಸಲ. ಗೋಡೆ ಪಕ್ಕದವಕ್ಕೆ ನಾನು ಎರಡು ಸಲ ಕೊಟ್ಟೆ. ಕೊಟ್ಟ ದಿನ ರಾತ್ರಿ ನಿದ್ದೆ ಬರುತ್ತಿತ್ತು.

ಶಿವರಾತ್ರಿ ಕಳೆದ ಒಂದು ಭಾನುವಾರ ಮೊಮ್ಮಗಳು ಅಳತೆಪಟ್ಟಿ ಹಿಡಿದು ಕೂತಳು. ಅಳೆದು ಬರೆದುಕೊಂಡಳು. ಮತ್ತೆ ಅಳೆದಳು. ಆಮೇಲೆ ಪಟ್ಟಿಯನ್ನು ನೆಲಕ್ಕಿಟ್ಟು ಎದ್ದು, ಗೋಡೆಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಬರೀ ನೀರು ಕುಡಿದವೇ ಎಲ್ಲಕ್ಕಿಂತ ಎತ್ತರ," ಅಂದಳು.

ಹಾಲಿನ ಕ್ಯಾನು ತೊಳೆಯುತ್ತಿದ್ದ ಮಗ ಬಂದು ನೋಡಿದ. ಅವನಿಗೆ ತಮಾಷೆ. "ಆ ಬಾಯಿಂದ ನಿಮ್ ತಾತ ಊದ್ತಾ ಅವ್ನೆ ಕಣಮ್ಮಿ. ಬದುಕಿದ್ದಾಗ ಒಂದ್ ಗಿಡಕ್ಕೂ ನೀರ್ ಉಯ್ದೋನಲ್ಲ, ಈಗ ಬುದ್ಧಿ ಬಂದೈತೆ."

"ಥೂ, ಬಾಯಿ ಮುಚ್ಚಿ!" ಅಂದಳು ಸೊಸೆ. ಆ ದಿನದಿಂದ ಅವಳು ಹಿತ್ತಲಿಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ನಾನು ತುಟಿ ಬಿಚ್ಚಲಿಲ್ಲ. ಆಣೆ ಮುರಿದಿದ್ದೇನೆ ಅನ್ನಬೇಕಾದರೆ ಯಾಕೆ ಮುರಿದೆ ಅಂತಲೂ ಹೇಳಬೇಕಾಗುತ್ತಿತ್ತು.

ಮೊಮ್ಮಗಳು ಹೊಡೆಯುವುದನ್ನೇ ನಿಲ್ಲಿಸಿಬಿಟ್ಟಳು. "ಏನೂ ಕೊಡದೇ ಇದ್ದವೇ ಎದ್ದ ಮೇಲೆ ನನ್ನ ರಸ, ಗೊಬ್ಬರ ಎಲ್ಲಾ ಸುಳ್ಳು. ಚಳಿ ಹೋಯ್ತು, ಎದ್ವು, ಅಷ್ಟೇ," ಅಂದಳು. ನುಗ್ಗೆ ಸೊಪ್ಪು ಬಾಡಿತು, ಪಿಚಕಾರಿ ಗೂಟಕ್ಕೆ ಹೋಯಿತು. ಎರಡು ವಾರಕ್ಕೆ ಚಿಗುರಿನ ತುದಿ ಮತ್ತೆ ಹಳದಿಯಾಯಿತು. ಮಗ ಒರಗಿಸಿದ್ದ ಕಂಬಗಳ ಮೇಲಿನ ಧೂಳು ಒರೆಸತೊಡಗಿದ. ಅವಳು ಸಂಜೆ ಬಸ್ಸಿಳಿದು ಬಂದು ಹಿತ್ತಲಿಗೆ ಹೋಗದೆ ನೇರ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗುವಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ನಾನೇ ಕಣೇ," ಅಂದೆ, ಒಂದು ಸಂಜೆ ಅವಳ ಬೆನ್ನಿಗೆ.

"ಏನು ನೀನೇ?"

"ನೀರಿನ ಸಾಲಿಗೆ ಕೊಟ್ಟೋಳು. ಎರಡೂ ಸೇರ್ಸಿ ಕೊಟ್ಟೆ."

ಎದ್ದು ಕೂತಳು. "ಯಾವಾಗಿಂದ?"

"ಮೊದಲ್ನೇ ದಿನದಿಂದ."

"ಎಷ್ಟು?"

"ಒಟ್ಟೆ ತುಂಬಾ. ವಾರಕ್ಕೆ ಎಲ್ಡ್ ಸಲ."

ಬೈಯುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡೆ. ಬೈದಳು ಕೂಡ, ಸಣ್ಣದಾಗಿ ಅಲ್ಲ. "ಅಜ್ಜೀ, ನನ್ನ ಒಂದೂವರೆ ತಿಂಗಳು ನುಂಗಿಬಿಟ್ಟೆಯಲ್ಲೇ! ಆಣೆ ಮಾಡಿದ್ದೆ ನೀನು!" ಆಮೇಲೆ ಬೈಗುಳದ ಮಧ್ಯದಲ್ಲೇ ನಿಂತಳು. ಪುಸ್ತಕ ತೆಗೆದಳು. "ಹಂಗಾದ್ರೆ ಎರಡೂ ಸೇರ್ಸಿ ಎರಡು ಸಲ ಕೊಟ್ಟಿದ್ದಕ್ಕೆ ಅವು ಎತ್ತರ ಬಂದಿರೋದು..." ಅನ್ನುತ್ತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕಣ್ಣಲ್ಲಿ ನೀರು, ಕೈಯ ಹಿಂದೆ ನಗು. ಯಾಕೆ ಕೊಟ್ಟೆ ಅಂತ ಕೇಳಿದಾಗ, ಪಾಪ ಅನ್ನಿಸಿತು ಅಂದೆ. ಬೀಜದ ಮಾತು ಎತ್ತಲಿಲ್ಲ.

ಮರುದಿನದಿಂದ ಎಂಟೂ ಸಾಲಿಗೆ ನಾನು ಕೊಟ್ಟ ಹಾಗೇ ಕೊಡಬೇಕೆಂದು ಅಪ್ಪಣೆಯಾಯಿತು. ಹೋಲಿಸಿ ನೋಡಲು ಮಾತ್ರ ಇಪ್ಪತ್ತು ಚೀಲ ಆರಿಸಿ ಮಾಳಿಗೆಯ ಮೇಲೆ ಬಲೆ ಕಟ್ಟಿ ಇಟ್ಟಳು. ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ನೇತುಹಾಕಿಕೊಂಡಳು. ಕಳ್ಳರಿಗಾಗಿ ಅಲ್ಲ, ನನಗಾಗಿ. ಮಾಳಿಗೆ ಮೇಲಿನವಕ್ಕೆ ಅವಳೇ ಬರೀ ನೀರು ಹಾಕುತ್ತಿದ್ದಳು. ನಾನು ಕೆಳಗೆ ಮಲಗಿ ಸೂರನ್ನು ನೋಡುತ್ತಿದ್ದೆ. ಯುಗಾದಿ ಕಳೆದು, ಮೊದಲ ಮಳೆ ಬೀಳುವ ಹೊತ್ತಿಗೆ ಕೆಳಗಿನವು ಮೊಣಕಾಲು ದಾಟಿದವು, ಎಲೆ ಅಂಗೈಯಷ್ಟಗಲ, ಹಸಿರೆಂದರೆ ಕಪ್ಪು ಹಸಿರು. ಮೇಲಿನ ಇಪ್ಪತ್ತು ಗೇಣುದ್ದದಲ್ಲಿ ಕಿವಿ ನಿಗುರಿಸಿಕೊಂಡು ಹಾಗೇ ಇದ್ದವು.

ನಿನ್ನೆ ಬೆಳಿಗ್ಗೆ ಆ ರೈತರು ಬಂದರು. ಅಂಗಡಿಯಲ್ಲಿ ಮೊಮ್ಮಗಳ ಬಾಯಲ್ಲಿ ಕೇಳಿ ನೋಡಲು ಬಂದವರು. ಒಂದು ಚೀಲ ಸೀಳಿ ಬೇರು ಬಿಡಿಸಿ ನೋಡಿದರು, ಎಲೆ ಕಿವುಚಿ ಮೂಸಿದರು. ಮಾಳಿಗೆಯ ಇಪ್ಪತ್ತನ್ನೂ ಕೆಳಗಿನವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ "ಅಬ್ಬಬ್ಬಾ, ಒಂದೇ ತಾಯ್ ಮಕ್ಕಳಾ ಇವು?" ಅಂದರು. ಮಗ ಗೋಡೆಗೆ ಒರಗಿ ಕೈ ಕಟ್ಟಿ ನೋಡುತ್ತಿದ್ದ. ಎಲ್ಲ ಸರಿಹೋ‌ಯಿತು ಅನ್ನುವಷ್ಟರಲ್ಲಿ ಅವರು ಕೇಳಿಯೇಬಿಟ್ಟರು.

"ತಾಯಿ ಗಿಡ ಎಲ್ಲೈತಮ್ಮ?"

"ನಮ್ಮಜ್ಜಿ ತವರೂರಲ್ಲಿ," ಅಂತ ಮೊಮ್ಮಗಳು ಊರು ಹೇಳಿದಳು.

ಅವರು ಹುಬ್ಬು ಗಂಟಿಕ್ಕಿದರು. "ಅದು ನಮ್ ಪಕ್ಕದೂರೇ. ಆ ಗಿಡ ಬಿದ್ದೋಗಿ ಎಷ್ಟ್ ವರ್ಷ ಆಯ್ತು? ಬುಡ ಒಂದೈತೆ ಅಷ್ಟೇಯ."

ಎಲ್ಲರೂ ನನ್ನ ಕಡೆ ತಿರುಗಿದರು. ಮೊಮ್ಮಗಳ ಮುಖದಲ್ಲಿ ರಕ್ತವಿರಲಿಲ್ಲ. ತಾಯಿ ಗಿಡ ಸುಳ್ಳಾದರೆ ಅವಳ ಒಂದು ವರ್ಷವೇ ಸುಳ್ಳು. ನಾನು ಹೇಳಿಬಿಟ್ಟೆ. ಬುಡ ನೋಡಿ ಬಂದದ್ದು, ಜಗುಲಿಯ ಮಗು, ಮೂರು ದಾರಿ, ಬೂದಿ, ಎಲ್ಲ. "ಅವ್ಳಿಗೇನೂ ಗೊತ್ತಿಲ್ಲ, ಎಲ್ಲಾ ನಂದೇ ತಪ್ಪು," ಅಂದೆ.

ಸೊಸೆ "ಅಯ್ಯೋ ಅತ್ತೇ" ಅಂದು ಬಾಯಿಗೆ ಸೆರಗು ಹಿಡಿದಳು. ರೈತರು ಕೈಯಲ್ಲಿದ್ದ ಸಸಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಸಾಲುಗಳ ನಡುವೆ ನಿಂತಿದ್ದವರು ಎಲ್ಲಿಯೂ ತಾಗದಂತೆ ಕಾಲು ಎತ್ತಿ ಎತ್ತಿ ಇಡುತ್ತಾ ಹೊರಗೆ ಹೋದರು. ಬಲೆಯೊಳಗೆ ಎಲೆ ಅಲುಗುವ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಗಾಳಿ ಇರಲಿಲ್ಲ.

ಗೇಟಿನ ಹತ್ತಿರ ನಿಂತು ಯಾರಿಗೋ ಫೋನು ಮಾಡಿ ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದರು. ವಾಪಸು ಬಂದು ಫೋನನ್ನು ನನ್ನ ಮುಂದೆ ಚಾಚಿದರು. "ನಮ್ಮಮ್ಮ. ನಿಮ್ಮನ್ನೇ ಕೇಳ್ಬೇಕಂತೆ."

ಫೋನಿನಿಂದ ನನಗಿಂತ ಮುದಿಯಾದ ದನಿ ಬಂತು. "ಏನಕ್ಕಾ, ಬೀಜ ತೊಳ್ದಿದ್ಯಾ?"

"ಬೂದೀಲಿ ಉಜ್ಜಿ ತೊಳ್ದೆ ಅಕ್ಕ."

"ಓಳು ಮನೀಗೆ ತಂದ್ಯಾ?"

"ಒಂದೂ ಇಲ್ಲ. ಎಲ್ಲಾ ಅಲ್ಲೇ ಎಸ್ದು ಬಂದೆ."

"ತಿರುಗಿ ನೋಡಿದ್ಯಾ?"

ಇಲ್ಲ ಅನ್ನಬಹುದಿತ್ತು. ಇನ್ನೊಂದು ಸುಳ್ಳಿಗೆ ಬಾಯಿ ಬರಲಿಲ್ಲ. "ಒಂದ್ ಸಲ ನೋಡ್ದೆ. ಅವತ್ತು ಬಂದಿದ್ದ ಮಗು ಬೋ ಅತ್ತಿತ್ತು."

"ಏನ್ ಕಾಣ್ತು?"

"ಏನೂ ಕಾಣ್ಲಿಲ್ಲ ಅಕ್ಕ. ಎಸ್ದು ನಾಕು ಎಜ್ಜೆ ಬಂದಿದ್ದೆ. ಓಳೂ ಇರ್ಲಿಲ್ಲ."

ಫೋನು ಸುಮ್ಮನಾಯಿತು. ರೈತರು ಪರದೆ ನೋಡಿದರು, ಕಟ್ಟಾಗಿರಲಿಲ್ಲ. ಆ ಕಡೆ ಯಾರೋ ಉಸಿರಾಡುವುದು ಕೇಳುತ್ತಿತ್ತು. ಮೊಮ್ಮಗಳು ಬಂದು ನನ್ನ ತೋಳು ಹಿಡಿದುಕೊಂಡಳು.

"ಕಾಗೆ ಒತ್ಕೊಂಡೋಗಿರ್ತೈತೆ ಬಿಡು," ಅಂದಿತು ಆ ದನಿ ಕೊನೆಗೆ. "ಕಾಗೆಗೇನು ಭಯ? ಬೂದಿ ಆದ್ಮೇಲೆ ಬೀಜದಲ್ಲಿ ಏನೂ ಇರಾಕಿಲ್ಲ. ಒಸಿ ಫೋನ್ ನನ್ ಮಗನ್ಗೆ ಕೊಡು. ಲೇ, ನೀನು ಕಾಯಿ ಬಿಟ್ರೆ ಮಾರೋದ್ ಯಾರಿಗ್ಲಾ? ಅಮಾಸೆಗೆ ಅಂಗಡಿಯೋರು ದೃಷ್ಟಿ ತೆಗ್ಯಾಕೆ ತಕೊಂತಾರೆ, ಅವ್ರಿಗೇ ತಾನೇ? ಗಿಡ ಚಂದಾಕಿದ್ರೆ ಆಕ್ಕೊಂಡ್ ಬಾ, ಸುಮ್ನೆ ಎಂಗುಸ್ರ ತಲೆ ತಿನ್‌ಬ್ಯಾಡ."

ಮೊಮ್ಮಗಳು ಆಗ ಬಾಯಿ ಬಿಟ್ಟಳು. "ಅಣ್ಣ, ತಾಯಿ ಗಿಡ ನನಗೆ ಗೊತ್ತಿಲ್ಲ, ಅದು ನಿಜ. ಹತ್ತಾರು ಗಿಡದ ಬೀಜ ಸೇರಿದೆ. ಬೇರು, ಕಾಂಡ ನೀವೇ ನೋಡಿದ್ದೀರಿ. ಬೇಡ ಅನ್ನಿಸಿದ್ರೆ ಬೇಡ."

ಅವರು ಸೀಳಿದ್ದ ಸಸಿಯ ಬೇರನ್ನು ಮತ್ತೊಮ್ಮೆ ಎತ್ತಿ ನೋಡಿದರು. "ಇಂಥ ಬೇರು ನಾನು ನೋಡಿಲ್ಲ ಕಣಮ್ಮ," ಅಂದು ಗಾಡಿಯ ಹಿಂದಿನ ಬಾಗಿಲು ತೆರೆದರು. ನನ್ನ ಮಗ ತಾನೇ ಬಂದು ಮೊದಲ ಚೀಲ ಎತ್ತಿ ಕೊಟ್ಟ. ಮಾಳಿಗೆಯ ಇಪ್ಪತ್ತನ್ನು ಅವರು ಬೇಡವೆಂದರು. ಉಳಿದವೆಲ್ಲ ಗಾಡಿಯಲ್ಲಿ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತವು. ಗಾಡಿ ಹೊರಟಾಗ ಎಲ್ಲ ಎಲೆಗಳೂ ನಮ್ಮ ಮನೆಯ ಕಡೆಗೇ ಇದ್ದವು. ಗಾಳಿಗೆ ಹಾಗಾಗುತ್ತದೆ ಅಂದಳು ಮೊಮ್ಮಗಳು. ಹಾಗೇ ಇರಲಿ. ನನಗೆ ಕುಣಿಯುವ ಹೊತ್ತು ಅದು, ಕುಣಿದೆ.

ಸಂಜೆ ಮಗ ಕಂಬಗಳನ್ನು ಒಬ್ಬನೇ ಹೊತ್ತು ಮನೆಯ ಮುಂದಿನ ಕಡೆಗೆ ಸಾಗಿಸಿದ. "ಕೊಟ್ಟಿಗೆ ಈ ಕಡೆ ಕಟ್ತೀನಿ. ಬಿಸಿಲು ಕಮ್ಮಿ," ಅಂದ, ಮಗಳ ಮುಖ ನೋಡದೆ. ಅವಳು ಅಲ್ಲೇ ನಿಂತು ಇನ್ನೊಂದು ತುದಿ ಎತ್ತಿ ಹಿಡಿದಳು.

ಸೊಸೆ ನಾಟಿ ಕೋಳಿ ಸಾರು ಮಾಡಿದ್ದಳು. ನಾಲ್ಕೂ ಜನ ನಡುಮನೆಯಲ್ಲಿ ಒಟ್ಟಿಗೆ ಕೂತೆವು. ಹಾಲು ಕರೆಯುವುದು, ಬಸ್ಸು ಕಾಯುವುದು ಅಂತ ನಮ್ಮ ಮನೆಯಲ್ಲಿ ನಾಲ್ಕು ತಟ್ಟೆ ಒಟ್ಟಿಗೆ ಹಾಕಿ ತಿಂಗಳುಗಳೇ ಆಗಿದ್ದವು. ಬಿಸಿ ಮುದ್ದೆಯ ಮೇಲೆ ಸಾರು ಬಿತ್ತು.

"ಅತ್ತೆ, ಇನ್ನೊಂದ್ ಮುದ್ದೆ?"

"ಅರ್ಧ ಆಕು."

"ಕುಣ್ದೋಳಿಗೆ ಅರ್ಧ ಸಾಕಾದೀತೇನಮ್ಮ?" ಅಂದ ಮಗ, ತನ್ನ ತಟ್ಟೆಯಿಂದ ಕೋಳಿಯ ಕಾಲನ್ನು ತೆಗೆದು ಮಗಳ ತಟ್ಟೆಗೆ ಹಾಕುತ್ತಾ. ಅವಳು ಬೇಡ ಅನ್ನಲಿಲ್ಲ. ಬೆರಳು ನೆಕ್ಕಿಕೊಂಡು, "ಸಾರು ಹಾಕಮ್ಮ," ಅಂತ ತಟ್ಟೆ ಮುಂದೆ ಚಾಚಿದಳು.